ಕೀಲಿ ಕೌಂಟಿಯದು, ಕಾನೂನು ವಾಷಿಂಗ್ಟನ್ನಿನದು

ಕ್ಯಾಲಿಫೋರ್ನಿಯಾ, ಇಲಿನಾಯ್, ನ್ಯೂಜೆರ್ಸಿಗಳನ್ನು ‘ಸ್ಯಾಂಕ್ಚುಅರಿ ರಾಜ್ಯ’ ಅನ್ನುತ್ತಾರೆ. ಹಾಗೆಂದರೆ ಐಸ್‌ನವರು, ಅಂದರೆ ಫೆಡರಲ್ ಸರ್ಕಾರದ ವಲಸೆ ಜಾರಿ ಸಂಸ್ಥೆಯವರು, ಅಲ್ಲಿಗೆ ಕಾಲಿಡುವ ಹಾಗಿಲ್ಲ ಎಂದು ಅಮೆರಿಕದ ಕನ್ನಡಿಗರಲ್ಲೇ ಹಲವರು ತಿಳಿದಿದ್ದಾರೆ. ಊರಿನಲ್ಲಿ ಕೂತು ಟಿವಿ ನೋಡುವವರಂತೂ ರಾಜ್ಯದ ಪೊಲೀಸರು ಐಸ್‌ಗೆ ಅಡ್ಡ ನಿಲ್ಲುತ್ತಾರೆ ಎಂದೇ ಭಾವಿಸಿರುತ್ತಾರೆ. ಎರಡೂ ಸರಿಯಲ್ಲ. ಐಸ್ ತನ್ನ ಕೆಲಸ ಮಾಡುವುದನ್ನು ಯಾವ ರಾಜ್ಯವೂ ತಡೆಯಲಾರದು. ರಾಜ್ಯ ಹಿಂದಕ್ಕೆ ಎಳೆದುಕೊಳ್ಳಬಹುದಾದದ್ದು ತನ್ನ ಕೈಯನ್ನು ಮಾತ್ರ: ತನ್ನ ಪೊಲೀಸರ ಸಮಯ, ತನ್ನ ಜೈಲಿನ ಕೀಲಿ, ತನ್ನ ಬೊಕ್ಕಸದ ದುಡ್ಡು. ಕೇಳಲು ಸಣ್ಣ ವಿಷಯ. ಆದರೆ ಇಲ್ಲಿನ ವ್ಯವಸ್ಥೆಯಲ್ಲಿ ನಾನು ಹೆಚ್ಚು ಗೌರವಿಸುವುದು ಇದನ್ನೇ, ನಮ್ಮ ದೇಶದಲ್ಲಿ ಇಲ್ಲವಲ್ಲ ಎಂದು ಕೊರಗುವುದೂ ಇದಕ್ಕೇ.

ವಲಸೆ ಯಾರ ಹೊಣೆ ಎಂದು ಅಮೆರಿಕದ ಸಂವಿಧಾನ ನೇರವಾಗಿ ಹೇಳುವುದಿಲ್ಲ. ಪೌರತ್ವ ಕೊಡುವ ನಿಯಮ ದೇಶಕ್ಕೆಲ್ಲ ಒಂದೇ ಇರಲಿ ಎಂದಷ್ಟೇ ಅದರಲ್ಲಿದೆ. ಹತ್ತೊಂಬತ್ತನೇ ಶತಮಾನದಲ್ಲಿ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳು ಹಡಗಿನಿಂದ ಇಳಿಯುವವರಿಗೆ ತಾವೇ ಬಾಂಡು, ಶುಲ್ಕ ಹಾಕುತ್ತಿದ್ದವು. 1876ರಲ್ಲಿ ಸುಪ್ರೀಂ ಕೋರ್ಟು ಎರಡೂ ರಾಜ್ಯಗಳ ಕಾನೂನು ಹೊಡೆದುಹಾಕಿತು. ಚೀನೀಯರನ್ನು ಹೊರಗಿಟ್ಟ ಕಾನೂನಿನ ಮೊಕದ್ದಮೆಯಲ್ಲಿ, 1889ರಲ್ಲಿ, ಯಾರನ್ನು ಒಳಗೆ ಬಿಡಬೇಕೆನ್ನುವುದು ರಾಷ್ಟ್ರದ ಸಾರ್ವಭೌಮತ್ವಕ್ಕೆ ಸೇರಿದ್ದು ಎಂದಿತು. ಆ ಗೋಡೆ ಇನ್ನೂ ನಿಂತಿದೆ. ಅರಿಜೋನಾ 2010ರಲ್ಲಿ ಎಸ್‌ಬಿ 1070 ತಂದು, ನೋಂದಣಿ ಕಾಗದ ಜೇಬಿನಲ್ಲಿ ಇಲ್ಲದಿರುವುದನ್ನೂ ಪರವಾನಗಿ ಇಲ್ಲದೆ ಕೆಲಸ ಹುಡುಕುವುದನ್ನೂ ರಾಜ್ಯದ ಅಪರಾಧ ಮಾಡಿತು, ಗಡೀಪಾರಿಗೆ ತಕ್ಕವರೆಂದು ಅನಿಸಿದವರನ್ನು ವಾರಂಟ್ ಇಲ್ಲದೆ ಹಿಡಿಯುವ ಅಧಿಕಾರವನ್ನೂ ತನ್ನ ಪೊಲೀಸರಿಗೆ ಕೊಟ್ಟಿತು. 2012ರಲ್ಲಿ ಸುಪ್ರೀಂ ಕೋರ್ಟು ಈ ಮೂರನ್ನೂ ರದ್ದು ಮಾಡಿತು. ಬೇರೆ ಕಾರಣಕ್ಕೆ ತಡೆದಾಗ ಅನುಮಾನ ಬಂದರೆ ವಲಸೆ ಸ್ಥಿತಿಯನ್ನು ವಿಚಾರಿಸಬೇಕು ಎಂಬ ಕಲಮು ಉಳಿಯಿತು. ಕಾಗದವಿಲ್ಲದೆ ದೇಶದೊಳಗೆ ಇರುವುದು ಸಾಮಾನ್ಯವಾಗಿ ಕ್ರಿಮಿನಲ್ ಅಪರಾಧವಲ್ಲ, ಸಿವಿಲ್ ಉಲ್ಲಂಘನೆ ಎಂದು ಅದೇ ತೀರ್ಪು ನೆನಪಿಸಿತು. ಈ ಒಂದು ಮಾತನ್ನು ಮರೆತರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಎರಡನೆಯ ಗೋಡೆ ಇದಕ್ಕೆ ಎದುರುಬದುರಾಗಿದೆ. ಬಂದೂಕು ಕೊಳ್ಳುವವರ ಹಿನ್ನೆಲೆ ಪರೀಕ್ಷಿಸುವ ಕೆಲಸವನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಸ್ಥಳೀಯ ಶೆರಿಫ್‌ಗಳ, ಅಂದರೆ ಕೌಂಟಿಯ (ನಮ್ಮ ಜಿಲ್ಲೆಯಂಥ ಘಟಕದ) ಪೊಲೀಸ್ ಮುಖ್ಯಸ್ಥರ, ಹೆಗಲಿಗೆ ಹಾಕಿತ್ತು. 1997ರ ಪ್ರಿಂಟ್ಜ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ರಾಜ್ಯದ ಅಧಿಕಾರಿಗಳನ್ನು ವಾಷಿಂಗ್ಟನ್ ತನ್ನ ಆಳುಗಳ ಹಾಗೆ ದುಡಿಸಿಕೊಳ್ಳುವಂತಿಲ್ಲ ಎಂದಿತು. ರಾಜ್ಯ ತನ್ನದೇ ವಲಸೆ ಕಾನೂನು ಮಾಡುವಂತಿಲ್ಲ, ವಾಷಿಂಗ್ಟನ್ ಶೆರಿಫ್‌ಗೆ ಅಪ್ಪಣೆ ಕೊಡುವಂತಿಲ್ಲ. ಈ ಎರಡು ಗೋಡೆಗಳ ನಡುವಿನ ಓಣಿಯಲ್ಲಿ ನಿಂತಿರುವ ಕಟ್ಟಡವೇ ಕೌಂಟಿ ಜೈಲು.

ಅಲ್ಲಿ ನಡೆಯುವುದು ಹೀಗೆ. ಕುಡಿದು ಗಾಡಿ ಓಡಿಸಿದ್ದಕ್ಕೋ ಮನೆಯ ಜಗಳಕ್ಕೋ ಒಬ್ಬರನ್ನು ಸ್ಥಳೀಯ ಪೊಲೀಸರು ಹಿಡಿದು ತರುತ್ತಾರೆ. ಹೆಸರು ಬರೆಸಿಕೊಳ್ಳುವಾಗಲೇ ಹತ್ತು ಬೆರಳಿನ ಗುರುತು ತೆಗೆಯುತ್ತಾರೆ. ಅದು ರಾಜ್ಯದ ಗುರುತು ವಿಭಾಗದ ಮೂಲಕ ಎಫ್‌ಬಿಐಗೆ ಹೋಗುತ್ತದೆ, ಅಲ್ಲಿಂದ ತಾನಾಗಿಯೇ ಐಸ್‌ನ ಮಾತೃ ಇಲಾಖೆಯಾದ ಹೋಮ್‌ಲ್ಯಾಂಡ್ ಸೆಕ್ಯುರಿಟಿಯ ದತ್ತಾಂಶಕ್ಕೆ. ವೀಸಾ ಸಂದರ್ಶನದಲ್ಲಿ, ವಿಮಾನ ನಿಲ್ದಾಣದಲ್ಲಿ ಕೊಟ್ಟ ಬೆರಳಚ್ಚುಗಳೆಲ್ಲ ಅಲ್ಲಿವೆ. 2008ರಲ್ಲಿ ಶುರುವಾದ ಈ ಜೋಡಣೆಯಿಂದ ಯಾವ ‘ಸ್ಯಾಂಕ್ಚುಅರಿ’ ರಾಜ್ಯವೂ ಹೊರಗುಳಿದಿಲ್ಲ. ಅಪರಾಧ ಇತಿಹಾಸ ತಿಳಿಯಲು ಎಫ್‌ಬಿಐಗೆ ಬೆರಳಚ್ಚು ಕಳಿಸಲೇಬೇಕು, ಕಳಿಸಿದರೆ ಅದು ಐಸ್‌ಗೂ ಮುಟ್ಟುತ್ತದೆ. ತಾಳೆ ಬಿದ್ದರೆ ವರ್ಮಾಂಟಿನ ವಿಲಿಸ್ಟನ್‌ನಲ್ಲಿರುವ ಐಸ್ ಕೇಂದ್ರದಿಂದ ಸಂಬಂಧಪಟ್ಟ ಕಚೇರಿಗೆ ಸುದ್ದಿ ಹೋಗುತ್ತದೆ. ಅಲ್ಲಿಯ ಅಧಿಕಾರಿ ಬೇಕೆನಿಸಿದರೆ ಜೈಲಿಗೆ ಐ-247ಎ ಎಂಬ ನಮೂನೆ ಕಳಿಸುತ್ತಾರೆ. ಇದೇ ಡಿಟೇನರ್. ಅದು ಕೇಳುವುದು ಎರಡು: ಈ ವ್ಯಕ್ತಿಯನ್ನು ಬಿಡುವ ಮುನ್ನ ನಮಗೆ ತಿಳಿಸಿ, ಬಿಡಬೇಕಾದ ಹೊತ್ತಿನ ಮೇಲೆ 48 ಗಂಟೆಯವರೆಗೆ ಇಟ್ಟುಕೊಳ್ಳಿ. ಜೊತೆಗೆ ಐ-200 ಅಥವಾ ಐ-205 ಎಂಬ ವಾರಂಟ್ ಇರುತ್ತದೆ. ಮೊದಲನೆಯದು ಬಂಧನಕ್ಕೆ, ಎರಡನೆಯದು ಗಡೀಪಾರಿನ ಆದೇಶ ಆಗಲೇ ಆಗಿದ್ದವರಿಗೆ.

ಎಡವಟ್ಟು ಶುರುವಾಗುವುದು ಈ ವಾರಂಟಿನಲ್ಲಿ. ಇದಕ್ಕೆ ಸಹಿ ಹಾಕುವವರು ನ್ಯಾಯಾಧೀಶರಲ್ಲ, ವಲಸೆ ಇಲಾಖೆಯ ಅಧಿಕಾರಿ. 2014ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೊಂದು ಡಿಟೇನರ್ ಕೋರಿಕೆಯೇ ಹೊರತು ಆಜ್ಞೆಯಲ್ಲ ಎಂದು ಹೇಳಿತು. ಅದೇ ವರ್ಷ ಆರೆಗಾನ್‌ನ ಕ್ಲಾಕಮಸ್ ಕೌಂಟಿಯ ಮೊಕದ್ದಮೆಯೂ ಬಂತು. 500 ಡಾಲರ್ ಕಟ್ಟಿದ್ದರೆ ಜಾಮೀನಿನ ಮೇಲೆ ಹೊರಬರಬಹುದಾಗಿದ್ದ ಮಹಿಳೆಯನ್ನು ಜೈಲಿನವರು ಡಿಟೇನರ್ ಇದೆ ಎಂಬ ಒಂದೇ ಕಾರಣಕ್ಕೆ ಇಟ್ಟುಕೊಂಡಿದ್ದರು. ಇದು ಸಕಾರಣವಿಲ್ಲದ ಬಂಧನವನ್ನು ತಡೆಯುವ ಸಂವಿಧಾನದ ನಾಲ್ಕನೇ ತಿದ್ದುಪಡಿಯ ಉಲ್ಲಂಘನೆ, ಹೊಣೆ ಕೌಂಟಿಯದೇ ಎಂದು ತೀರ್ಪಾಯಿತು. ಕಾಗದ ಕಳಿಸಿದ ಐಸ್ ಅಲ್ಲ, ಕೀಲಿ ತಿರುಗಿಸಿದ ಕೌಂಟಿ! ಎಷ್ಟೋ ಕಡೆಯ ಶೆರಿಫ್‌ಗಳು ಡಿಟೇನರ್ ಒಪ್ಪುವುದನ್ನು ನಿಲ್ಲಿಸಿದ್ದಕ್ಕೆ ಮುಖ್ಯ ಕಾರಣ ವಲಸಿಗರ ಮೇಲಿನ ಕರುಣೆಯಲ್ಲ, ಈ ದಂಡದ ಭಯ. 2017ರಲ್ಲಿ ಮ್ಯಾಸಚೂಸೆಟ್ಸಿನ ಸರ್ವೋಚ್ಚ ನ್ಯಾಯಾಲಯವೂ ಬರೀ ಡಿಟೇನರ್ ಮೇಲೆ ಹಿಡಿದಿಡಲು ರಾಜ್ಯದ ಕಾನೂನಿನಲ್ಲಿ ಅಧಿಕಾರವೇ ಇಲ್ಲ ಎಂದಿತು.

ಇಲ್ಲಿಂದ ರಾಜ್ಯಗಳ ದಾರಿ ಬೇರೆಯಾಗುತ್ತದೆ. 2018ರ ಜನವರಿ 1ರಿಂದ ಜಾರಿಯಲ್ಲಿರುವ ಕ್ಯಾಲಿಫೋರ್ನಿಯಾದ ಎಸ್‌ಬಿ 54 ಪ್ರಕಾರ ಡಿಟೇನರ್ ಮೇಲೆ ಯಾರನ್ನೂ ಹೆಚ್ಚು ಹೊತ್ತು ಇಟ್ಟುಕೊಳ್ಳುವಂತಿಲ್ಲ. ಐಸ್ ಕೈಗೆ ಒಪ್ಪಿಸಬೇಕಾದರೆ ನ್ಯಾಯಾಧೀಶರ ವಾರಂಟ್ ಬೇಕು, ಇಲ್ಲವೇ ಪಟ್ಟಿಯಲ್ಲಿರುವ ಅಪರಾಧಗಳಲ್ಲಿ ಶಿಕ್ಷೆಯಾಗಿರಬೇಕು. ರಾಜ್ಯದ ಕಾರಾಗೃಹ ಇಲಾಖೆಗೆ ಈ ಕಾನೂನು ಅನ್ವಯಿಸುವುದೇ ಇಲ್ಲ ಎಂಬುದು ಹಲವರಿಗೆ ತಿಳಿದಿಲ್ಲ. ರಾಜ್ಯದ ಇನ್ನೊಂದು ಕಾನೂನಿನಂತೆ, ಕೌಂಟಿ ಜೈಲಿನೊಳಗೆ ಐಸ್‌ನವರು ಸಂದರ್ಶನಕ್ಕೆ ಬಂದರೆ ಕೈದಿಗೆ ಮೊದಲು ಒಪ್ಪಿಗೆ ಪತ್ರ ಕೊಡಬೇಕು: ನಿರಾಕರಿಸಬಹುದು, ವಕೀಲರಿದ್ದರೆ ಮಾತ್ರ ಮಾತಾಡುತ್ತೇನೆ ಅನ್ನಬಹುದು. ಆ ಪತ್ರಕ್ಕೆ ಕಾನೂನು ಹೆಸರಿಸಿದ ಭಾಷೆಗಳು ಇಂಗ್ಲಿಷ್, ಸ್ಪ್ಯಾನಿಷ್, ಚೀನೀ, ಟಗಲಾಗ್, ವಿಯೆಟ್ನಾಮಿ, ಕೊರಿಯನ್. ರಾಜ್ಯದ ಕೃಷಿ ಬಯಲಾದ ಸೆಂಟ್ರಲ್ ವ್ಯಾಲಿಯ ತುಂಬ ಪಂಜಾಬಿಗಳಿದ್ದೂ ಭಾರತದ ಒಂದು ಭಾಷೆಯೂ ಅದರಲ್ಲಿ ಸೇರಲಿಲ್ಲ. ನಮ್ಮ ಸಂಘಗಳು ಇದನ್ನು ಕೇಳಬೇಕಿತ್ತು.

ಟೆಕ್ಸಸ್ ಹಿಡಿದದ್ದು ತದ್ವಿರುದ್ಧ ದಾರಿ. 2017ರ ಕಾನೂನಿನಂತೆ ಡಿಟೇನರ್ ಒಪ್ಪದ ಸ್ಥಳೀಯ ಸಂಸ್ಥೆಗೆ ಮೊದಲ ಸಲ 1,000ದಿಂದ 1,500 ಡಾಲರ್ ದಂಡ, ಮತ್ತೆ ತಪ್ಪಿದರೆ ದಿನಕ್ಕೆ 25,000ದಿಂದ 25,500. ಶೆರಿಫ್ ಕುರ್ಚಿಯೇ ಹೋಗಬಹುದು. ಜೈಲು ನಡೆಸುವ ಶೆರಿಫ್‌ಗಳು ಐಸ್ ಜೊತೆ 287(ಜಿ) ಒಪ್ಪಂದಕ್ಕೆ ಮುಂದಾಗಲೇಬೇಕೆಂದು 2025ರಲ್ಲಿ ಇನ್ನೊಂದು ಕಾನೂನು ಬಂತು. 1996ರಲ್ಲಿ ಹುಟ್ಟಿದ ಈ ಒಪ್ಪಂದದಲ್ಲಿ ಸ್ಥಳೀಯ ಪೊಲೀಸರೇ ಐಸ್ ಮೇಲ್ವಿಚಾರಣೆಯಲ್ಲಿ ವಲಸೆ ಅಧಿಕಾರಿಯ ಕೆಲಸ ಮಾಡುತ್ತಾರೆ. ಬೀದಿಗಿಳಿದು ಕೆಲಸ ಮಾಡುವ ಬಗೆಯನ್ನು 2012ರಲ್ಲಿ ನಿಲ್ಲಿಸಿದ್ದರು. 2025ರಲ್ಲಿ ಮತ್ತೆ ತಂದರು, ಈಗ 40 ಗಂಟೆಯ ಆನ್‌ಲೈನ್ ತರಬೇತಿಯ ಮೇಲೆ. ವರ್ಷಗಟ್ಟಲೆ ಓದಿದ ವಕೀಲರೇ ತಡವರಿಸುವ ಕಾನೂನು ಇದು. ಕಾಯಂ ನಿವಾಸಿ, ಆಶ್ರಯ ಕೋರಿದವರು, ವಿಸ್ತರಣೆಯ ಅರ್ಜಿ ಬಾಕಿ ಇರುವವರು, ತಂದೆ ತಾಯಿಯ ಮೂಲಕ ತಾನೇ ಪೌರನಾದ ಮಗು — ಇವರನ್ನೆಲ್ಲ ರಸ್ತೆ ಬದಿಯಲ್ಲಿ ನಿಂತು ಬೇರ್ಪಡಿಸಲು ಒಂದು ವಾರದ ಪಾಠ ಸಾಲದು. ಸಾಲದಿದ್ದಾಗ ಪೊಲೀಸರು ಮೈಬಣ್ಣ, ಉಚ್ಚಾರಣೆ ನೋಡತೊಡಗುತ್ತಾರೆ. ಅರಿಜೋನಾದ ಮರಿಕೋಪ ಕೌಂಟಿಯಲ್ಲಿ ಇದೇ ಆಯಿತು. ಲ್ಯಾಟಿನೋಗಳನ್ನು ಜನಾಂಗದ ಆಧಾರದ ಮೇಲೆ ತಡೆದಿದ್ದಾರೆ ಎಂದು 2013ರಲ್ಲಿ ಫೆಡರಲ್ ನ್ಯಾಯಾಲಯ ತೀರ್ಪಿತ್ತು, ಶೆರಿಫ್ ಕಚೇರಿಯ ಮೇಲೆ ಕಾವಲು ಕೂರಿಸಿತು.

ಟೆಕ್ಸಸ್‌ಗೆ ಹೀಗೆ ಮಾಡುವ ಹಕ್ಕಿದೆ, ಕೌಂಟಿಗಳು ರಾಜ್ಯದ ಮಾತು ಕೇಳಲೇಬೇಕು. ಆದರೂ ನನ್ನ ಮತ ಕ್ಯಾಲಿಫೋರ್ನಿಯಾದ ಕಡೆಗೆ. ಹೊಡೆತ ತಿಂದ ಹೆಂಡತಿ, ಸಂಬಳ ಸಿಗದ ಕೂಲಿಯವ ಪೊಲೀಸರಿಗೆ ಫೋನು ಮಾಡಲು ಹೆದರಬಾರದು. ಹೆದರಿದರೆ ಆ ಊರಿನ ಅಪರಾಧ ಕಡಿಮೆಯಾಗುವುದಿಲ್ಲ, ಕಾಣದೆ ಉಳಿಯುತ್ತದೆ ಅಷ್ಟೆ.

ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲಿರುವ ಕನ್ನಡಿಗರು ಇದು ತಮ್ಮ ವಿಷಯವಲ್ಲ ಅಂದುಕೊಳ್ಳುವುದುಂಟು. ಅವರಿಗೆ ರಾಜ್ಯ ಮತ್ತು ವಾಷಿಂಗ್ಟನ್ ಎದುರಾಗುವುದು ಜೈಲಿನಲ್ಲಲ್ಲ, ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ. ಲೈಸೆನ್ಸ್ ರಾಜ್ಯದ್ದು. ಆದರೆ 2005ರ ರಿಯಲ್ ಐಡಿ ಕಾನೂನಿನಂತೆ ತಾತ್ಕಾಲಿಕ ವೀಸಾದವರಿಗೆ ಅದರ ಅವಧಿ ವಾಸ್ತವ್ಯದ ಅನುಮತಿ ಮುಗಿಯುವ ದಿನದವರೆಗೆ ಮಾತ್ರ, ಆ ದಿನವನ್ನು ಹೇಳುವುದು ಫೆಡರಲ್ ಸರ್ಕಾರದ ಸೇವ್ ಎಂಬ ಪರಿಶೀಲನಾ ವ್ಯವಸ್ಥೆ. ನೋಡಬೇಕಾದದ್ದು ಪಾಸ್‌ಪೋರ್ಟಿನ ವೀಸಾ ಮುದ್ರೆಯನ್ನಲ್ಲ, ಐ-94ರ, ಅಂದರೆ ಬಂದಿಳಿದಾಗ ಸಿಗುವ ಪ್ರವೇಶ ದಾಖಲೆಯ, ತಾರೀಖನ್ನು. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ವಿಮಾನ ನಿಲ್ದಾಣದ ಅಧಿಕಾರಿ ಐ-94 ಅನ್ನೂ ಅದೇ ದಿನಕ್ಕೆ ಮೊಟಕು ಮಾಡಬಹುದು. ಕಂಪನಿಯ ಕಾಗದದಲ್ಲಿ ಇನ್ನೂ ಎರಡು ವರ್ಷ ಇದೆ ಎಂದು ನೆಮ್ಮದಿಯಾಗಿದ್ದವರು ಗೊತ್ತಿಲ್ಲದೆಯೇ ಅವಧಿ ಮೀರಿ ಉಳಿದವರಾಗುವುದು ಹೀಗೆ. ಪ್ರತಿ ಸಲ ಬಂದಿಳಿದಾಗಲೂ ಐ-94 ತೆಗೆದು ನೋಡಿ. ವಿಸ್ತರಣೆಯ ಅರ್ಜಿಯನ್ನು ಸಮಯಕ್ಕೆ ಹಾಕಿದ್ದರೆ ಅದೇ ಕಂಪನಿಯಲ್ಲಿ 240 ದಿನ ಕೆಲಸ ಮಾಡಲು ಫೆಡರಲ್ ನಿಯಮ ಬಿಡುತ್ತದೆ, ಆದರೆ ಆ ರಸೀದಿ ತೋರಿಸಿದರೆ ಲೈಸೆನ್ಸ್ ನವೀಕರಿಸುವುದು ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ. ಕೆಲವು ಕಡೆ ಕೆಲಸಕ್ಕೆ ಹೋಗಬಹುದು, ಕಾರು ಓಡಿಸಿಕೊಂಡು ಹೋಗುವಂತಿಲ್ಲ!

ನಮ್ಮ ಹೆಸರುಗಳದ್ದು ಇನ್ನೊಂದು ತೊಡಕು. ಊರು, ಅಪ್ಪನ ಹೆಸರು ಇನಿಷಿಯಲ್ ಆಗಿರುವವರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇದ್ದರೆ ವೀಸಾದಲ್ಲಿ ಇದ್ದೊಂದು ಹೆಸರು ಉಪನಾಮವಾಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಎಂದು ಬೀಳುತ್ತದೆ. ಒಂದು ಕಚೇರಿಯಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ ದಾಖಲಾದರೆ ಸೇವ್ ತಾಳೆ ನೋಡುವಾಗ ಸಿಕ್ಕಿಕೊಳ್ಳುತ್ತದೆ. ಊರಿನಲ್ಲಿರುವಾಗಲೇ ಪಾಸ್‌ಪೋರ್ಟಿನಲ್ಲಿ ಹೆಸರನ್ನು ಎರಡು ಭಾಗ ಮಾಡಿಸಿಕೊಂಡು ಹೊರಡುವುದು ಒಳ್ಳೆಯದು. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರಿಗಂತೂ ಕ್ಯಾಲಿಫೋರ್ನಿಯಾದ ಯಾವ ಕಾನೂನೂ ನೆರವಾಗದು. ಬೆರಳಚ್ಚು ಹೋದಮೇಲೆ ವಿದೇಶಾಂಗ ಇಲಾಖೆ ಶಿಕ್ಷೆಗೂ ಕಾಯದೆ ವೀಸಾ ರದ್ದು ಮಾಡಬಹುದು. ಊರಿಗೆ ಹೋದರೆ ವೈದ್ಯಕೀಯ ತಪಾಸಣೆ ಮುಗಿಸಿ, ಹೊಸ ವೀಸಾ ಸಿಕ್ಕಮೇಲೆಯೇ ವಾಪಸು.

ಈಗ ನಮ್ಮ ದೇಶದ ರೀತಿ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರಪಟ್ಟಿಯ 17 ಮತ್ತು 19ನೇ ನಮೂದುಗಳು ಪೌರತ್ವ, ವಿದೇಶೀಯರು, ಪ್ರವೇಶ, ಹೊರಹಾಕುವಿಕೆ ಎಲ್ಲವನ್ನೂ ದಿಲ್ಲಿಗೆ ಕೊಟ್ಟಿವೆ. ಪೊಲೀಸು, ಜೈಲು ರಾಜ್ಯಪಟ್ಟಿಯಲ್ಲಿವೆ. ಕಾಗದದ ಮೇಲೆ ಅಮೆರಿಕಕ್ಕಿಂತ ಸ್ಪಷ್ಟ. ಆದರೆ 258ನೇ ವಿಧಿಯ ಮೂಲಕ, ವಿದೇಶೀಯರನ್ನು ಹಿಡಿದಿಡುವ ಮತ್ತು ಗಡೀಪಾರು ಮಾಡುವ ಅಧಿಕಾರವನ್ನು ಕೇಂದ್ರ 1958ರಲ್ಲೇ ರಾಜ್ಯಗಳಿಗೆ ವಹಿಸಿತು. ಬೆಂಗಳೂರಿನಲ್ಲಿ ಎಫ್‌ಆರ್‌ಆರ್‌ಒ, ಅಂದರೆ ವಿದೇಶೀಯರ ಪ್ರಾದೇಶಿಕ ನೋಂದಣಿ ಕಚೇರಿ ಇದೆ, ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಎಸ್‌ಪಿಯೇ ವಿದೇಶೀಯರ ನೋಂದಣಾಧಿಕಾರಿ. ಮುಂಡಗೋಡು, ಬೈಲಕುಪ್ಪೆಯ ಟಿಬೆಟನ್ನರಿಗೆ ಇದು ಚೆನ್ನಾಗಿ ಗೊತ್ತು. ನೆಲಮಂಗಲದ ಬಳಿ ಸೊಂಡೆಕೊಪ್ಪದಲ್ಲಿ ವಿದೇಶೀಯರನ್ನು ಇರಿಸುವ ಕೇಂದ್ರ ಮಾಡಿದ್ದೂ ರಾಜ್ಯವೇ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಕಟ್ಟಡದಲ್ಲಿ. ಕೇಂದ್ರದ ಕಾನೂನು, ರಾಜ್ಯದ ಕೈ. ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವ ಪ್ರಶ್ನೆ ಏಳುವುದೇ ಇಲ್ಲ.

ಇದರಿಂದ ಆಗುವ ಕೇಡು 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಕಂಡಿತು. ಬಾಂಗ್ಲಾದೇಶದವರಿದ್ದಾರೆ ಎಂಬ ಗುಮಾನಿಯ ಮೇಲೆ ಗುಡಿಸಲುಗಳನ್ನು ಕೆಡವಿದರು. ಅಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳದವರ ಜೊತೆಗೆ ಉತ್ತರ ಕರ್ನಾಟಕದ ಕೂಲಿಗಳೂ ಇದ್ದರು, ಆಧಾರ್ ಕೈಯಲ್ಲಿ ಹಿಡಿದುಕೊಂಡು. ಯಾರ ಆದೇಶ, ಯಾವ ಕಲಮು ಎಂಬುದು ಹೈಕೋರ್ಟಿನ ಮುಂದೆ ಬಂದಮೇಲಷ್ಟೇ ಪ್ರಶ್ನೆಯಾಯಿತು. ಕ್ಲಾಕಮಸ್‌ನ ಜೈಲಿಗೆ ಬಂದ ಕಾಗದದಲ್ಲಿ ನಮೂನೆಯ ಸಂಖ್ಯೆ, ಸಹಿ, ಗಂಟೆಯ ಲೆಕ್ಕ ಇದ್ದವು, ಆದ್ದರಿಂದಲೇ ಅದನ್ನು ಪ್ರಶ್ನಿಸಲು ಆಯಿತು.

ಅಮೆರಿಕದ್ದು ನಿರ್ದೋಷ ಎನ್ನುತ್ತಿಲ್ಲ. ವಲಸೆ ನ್ಯಾಯಾಧೀಶರು ನ್ಯಾಯಾಂಗದವರಲ್ಲ, ನ್ಯಾಯ ಇಲಾಖೆಯ ನೌಕರರು. ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕಿಲ್ಲ. ಆದರೆ ಎದುರಿಗಿರುವ ವ್ಯಕ್ತಿ ವಿದೇಶಿ ಎಂದು ಮೊದಲು ತೋರಿಸಬೇಕಾದದ್ದು ಸರ್ಕಾರ. ನಮ್ಮಲ್ಲಿ 1946ರ ವಿದೇಶೀಯರ ಕಾಯ್ದೆ ಈ ಭಾರವನ್ನು ವ್ಯಕ್ತಿಯ ತಲೆಗೇ ಹಾಕಿತ್ತು. 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಕಾಯ್ದೆ ಹಳೆಯ ನಾಲ್ಕು ಕಾನೂನುಗಳನ್ನು ತೆಗೆದುಹಾಕಿದರೂ ಈ ಭಾರವನ್ನು ಇಳಿಸಲಿಲ್ಲ. ಅದೇ ವರ್ಷ ಬೇರೆ ರಾಜ್ಯಗಳಲ್ಲಿ ಹಿಡಿದು ಬಾಂಗ್ಲಾ ಗಡಿಯಾಚೆ ದಾಟಿಸಿದ್ದ ಪಶ್ಚಿಮ ಬಂಗಾಳದ ಕೆಲವರನ್ನು, ಅವರು ಭಾರತೀಯರೇ ಎಂದು ಗೊತ್ತಾದಮೇಲೆ ವಾಪಸು ಕರೆತರಬೇಕಾಯಿತು.

ಕರ್ನಾಟಕ ಸರ್ಕಾರ ಕೇಂದ್ರದ ಕಾನೂನನ್ನು ಮುಟ್ಟದೆಯೇ ಮಾಡಬಹುದಾದದ್ದಿದೆ. ಪೊಲೀಸು ತನ್ನದು, ಅವರಿಗೆ ಕಾಯಂ ಆದೇಶ ಕೊಡುವುದೂ ತನ್ನದೇ. ಗುಮಾನಿಯ ಮೇಲೆ ಯಾರನ್ನು ಹಿಡಿದರೂ ಅಧಿಕಾರಿಯ ಹೆಸರು, ಕಲಮು, ಹೊತ್ತು ಬರೆದ ಕಾಗದ ಅವರಿಗೆ ತಿಳಿಯುವ ಭಾಷೆಯಲ್ಲಿ ಕೈಸೇರಲಿ. ಅವರು ಹೇಳಿದ ಊರಿನ ಜಿಲ್ಲಾಧಿಕಾರಿಯಿಂದ ಲಿಖಿತ ಉತ್ತರ ಬರುವವರೆಗೆ ಗುಡಿಸಲು ಕೆಡವುವುದೂ ಬೇಡ, ಗಡಿಯ ಕಡೆಗೆ ಕಳಿಸುವುದೂ ಬೇಡ. ಹಾಗೆಯೇ ಗೋವಾದಲ್ಲೋ ಮುಂಬೈಯಲ್ಲೋ ದುಡಿಯುವ ಯಾದಗಿರಿ, ಕಲಬುರಗಿ, ವಿಜಯಪುರದವರ ಬಗ್ಗೆ ಅಲ್ಲಿಯ ಪೊಲೀಸರು ವಿಚಾರಿಸಿದರೆ ಉತ್ತರ ಬರೆಯಲು ಆ ಜಿಲ್ಲಾಧಿಕಾರಿ ಕಚೇರಿಗಳಲ್ಲಿ ಒಬ್ಬ ಗೊತ್ತಾದ ಅಧಿಕಾರಿ, ಒಂದು ಗೊತ್ತಾದ ಫೋನು ನಂಬರು ಇರಲಿ. ಬಂಗಾಳದವರನ್ನು ವಾಪಸು ತರಲು ಕೊನೆಗೆ ಬೇಕಾದದ್ದೂ ಅವರ ಊರಿನಿಂದ ಬಂದ ಕಾಗದವೇ.