ಇವರಿಗೆ ಎಡೆ ಇಕ್ಕೋರು ಯಾರು?

2024ರ ಸೆಪ್ಟೆಂಬರಿನಲ್ಲಿ ಅಪ್ಪ ನಾನಿರುವ ಇಂಗ್ಲೆಂಡಿನ ಲಿಂಕನ್ನಿಗೆ ಬಂದಿದ್ದರು. ಬಂದ ವಾರದಿಂದಲೂ ಅವರದು ಒಂದೇ ಚಡಪಡಿಕೆ: ಪಿತೃಪಕ್ಷಕ್ಕೆ ಊರಲ್ಲಿರಬೇಕಿತ್ತು, ಮಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಬೇಕಿತ್ತು, ಮಗನ ಮಾತು ಕಟ್ಟಿಕೊಂಡು ಬಂದು ತಪ್ಪು ಮಾಡಿದೆ ಅಂತ. ಮನಸ್ಸು ಬೇರೆ ಕಡೆ ಹೊರಳಲಿ ಎಂದು ಒಂದು ಶನಿವಾರ ಅವರನ್ನು ಕ್ಯಾನ್ವಿಕ್ ಗುಡ್ಡಕ್ಕೆ ಕರೆದುಕೊಂಡು ಹೋದೆ. ಹೋಗಿ ಹೋಗಿ ಸತ್ತವರ ಹೆಸರು ಬರೆದ ಜಾಗಕ್ಕೇ ಕರೆದುಕೊಂಡು ಹೋಗಿದ್ದೆ ಎಂಬುದು ನನಗೆ ಹೊಳೆದದ್ದು ಅಲ್ಲಿ ಮುಟ್ಟಿದ ಮೇಲೆ.

ಗುಡ್ಡದ ಮೇಲೆ ತುಕ್ಕು ಬಣ್ಣದ ಉಕ್ಕಿನ ಕಂಬವೊಂದಿದೆ. ಎತ್ತರ ಸುಮಾರು 31 ಮೀಟರ್. ಲ್ಯಾಂಕಾಸ್ಟರ್ ಎಂಬ ಬಾಂಬರ್ ವಿಮಾನದ ರೆಕ್ಕೆ ಈ ತುದಿಯಿಂದ ಆ ತುದಿಗೆ ಎಷ್ಟಿತ್ತೋ ಕಂಬದ ಎತ್ತರವೂ ಅಷ್ಟೇ. "ಗರುಡಗಂಬ ಇದ್ದಂಗದಲ್ಲಾ" ಅಂದರು ಅಪ್ಪ. ಸುತ್ತ ಅದೇ ಉಕ್ಕಿನ ಗೋಡೆಗಳು, ಗೋಡೆ ತುಂಬ ಕೊರೆದ ಹೆಸರುಗಳು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ವಾಯುಪಡೆಯ ಬಾಂಬ್ ಹಾಕುವ ವಿಭಾಗವಾದ ಬಾಂಬರ್ ಕಮಾಂಡಿಗೆ ದುಡಿದು ಸತ್ತ ಸುಮಾರು 58,000 ಜನ. ಅಪ್ಪ ಮೇಷ್ಟರಾಗಿ ನಿವೃತ್ತರಾದವರು, ಎಲ್ಲಿ ಹೋದರೂ ಹಾಜರಿ ಪುಸ್ತಕ ಓದಿದ ಹಾಗೆ ಓದುತ್ತಾರೆ. ಒಂದೇ ಮನೆತನದ ಹೆಸರುಳ್ಳವರು ಸಾಲುಸಾಲಾಗಿ ಸಿಕ್ಕರು. ಒಂದು ಅಕ್ಷರದ ಸಂದಿಯಲ್ಲಿ ಯಾರೋ ಕಾಗದದ ಪಾಪಿ ಹೂವು, ಅಂದರೆ ಯುದ್ಧದಲ್ಲಿ ಸತ್ತವರ ನೆನಪಿಗೆ ಇಲ್ಲಿಯವರು ಧರಿಸುವ ಕೆಂಪು ಗಸಗಸೆ ಹೂವು, ಸಿಕ್ಕಿಸಿದ್ದರು, ಮಳೆಗೆ ಅದರ ಕೆಂಪು ಬಿಟ್ಟುಕೊಂಡಿತ್ತು.

"ಎಷ್ಟು ವಯಸ್ಸಿರ್ಬೌದು ಇವುಕ್ಕೆ?"

"ಸರಾಸರಿ ಇಪ್ಪತ್ತೆರಡು, ಇಪ್ಪತ್ಮೂರು."

"ಮದ್ವೆ?"

"ಹೆಚ್ಚಿನವರಿಗೆ ಆಗಿರಲಿಲ್ಲ."

ಅಪ್ಪ ಗೋಡೆಯಿಂದ ಕೈ ತೆಗೆದರು. "ಹಂಗಾದ್ರೆ ಇವ್ರಿಗೆ ಎಡೆ ಇಕ್ಕೋರು ಯಾರ್ಲಾ?"

ಈ ಊರಿಗೆ ಬಂದು ಒಂಬತ್ತು ವರ್ಷವಾಯಿತು, ಆ ಗೋಡೆ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ.

ಲೆಕ್ಕ ಹೀಗಿದೆ. ಬಾಂಬರ್ ಕಮಾಂಡಿನಲ್ಲಿ ಹಾರಿದವರು ಸುಮಾರು 1,25,000 ಜನ. ಸತ್ತವರು 55,573. ನೂರಕ್ಕೆ ನಲವತ್ತನಾಲ್ಕು. ಗೋಡೆಯ ಮೇಲೆ ಹೆಸರು ಇನ್ನೂ ಹೆಚ್ಚಿರುವುದು ನೆಲದ ಮೇಲೆ ದುಡಿದು ಸತ್ತವರನ್ನೂ ಸೇರಿಸಿರುವುದರಿಂದ. ಹಾರಿದವರಲ್ಲಿ ಒಬ್ಬನನ್ನೂ ಬಲವಂತದಿಂದ ವಿಮಾನ ಹತ್ತಿಸಿರಲಿಲ್ಲ, ಎಲ್ಲರೂ ತಾವಾಗಿ ಹೆಸರು ಕೊಟ್ಟವರು. ಕೆನಡಾ, ಆಸ್ಟ್ರೇಲಿಯಾ, ಪೋಲೆಂಡ್, ಕೆರಿಬಿಯನ್ ದ್ವೀಪಗಳಿಂದಲೂ ಬಂದಿದ್ದರು. ಲ್ಯಾಂಕಾಸ್ಟರಿನಲ್ಲಿ ಏಳು ಜನ. ಈ ಏಳು ಜನರನ್ನು ಸೇರಿಸುತ್ತಿದ್ದ ರೀತಿಯೇ ವಿಚಿತ್ರ. ದೊಡ್ಡ ಹ್ಯಾಂಗರಿನೊಳಗೆ ಹುಡುಗರನ್ನೆಲ್ಲ ಬಿಟ್ಟು, ನೀವು ನೀವೇ ಜೊತೆ ಮಾಡಿಕೊಳ್ಳಿ ಅನ್ನುತ್ತಿದ್ದರು. ಸಂತೆಯಲ್ಲಿ ಗುರುತು ಹಿಡಿದ ಹಾಗೆ ಒಬ್ಬರ ಮುಖ ಒಬ್ಬರು ನೋಡಿ ಗುಂಪಾಗಬೇಕು. ಮೂವತ್ತು ಸಲ ಹೋಗಿ ಬಂದರೆ ಒಂದು ಸುತ್ತು ಮುಗಿಯಿತು, ಬಿಡುವು.

ಬಾಲದ ತುದಿಯಲ್ಲಿ ಕೂರುವ ಗನ್ನರಿನ ಕಥೆ ಬೇರೆ. ಉಳಿದ ಆರು ಜನಕ್ಕೂ ಬೆನ್ನು ಮಾಡಿ, ಬಂದ ದಾರಿಯ ಕತ್ತಲನ್ನೇ ದಿಟ್ಟಿಸುತ್ತ ಏಳೆಂಟು ತಾಸು. ಮೈನಸ್ ನಲವತ್ತರ ಚಳಿ. ಗಾಜಿನಂಥ ಪರ್ಸ್ಪೆಕ್ಸ್ ಮೇಲೆ ಮಂಜು ಕಟ್ಟಿದರೆ ಶತ್ರು ವಿಮಾನ ಕಾಣುವುದಿಲ್ಲವೆಂದು ಎಷ್ಟೋ ಜನ ಕಣ್ಣೆದುರಿನ ತುಂಡನ್ನೇ ಕಿತ್ತು ಹಾಕಿಸಿಕೊಳ್ಳುತ್ತಿದ್ದರು. ಜಾಗ ಎಷ್ಟು ಇಕ್ಕಟ್ಟೆಂದರೆ ಪ್ಯಾರಾಶೂಟ್ ಒಳಗೆ ಇಟ್ಟುಕೊಳ್ಳುವಂತಿರಲಿಲ್ಲ, ಹಿಂದಿನ ಬಾಗಿಲಾಚೆ ತೂಗುಹಾಕಿರಬೇಕು. ಹೊರಡುವ ಮೊದಲು ಮೊಟ್ಟೆಯ ಊಟ. ಪಡಿತರದ ಕಾಲದಲ್ಲಿ ನಿಜವಾದ ಮೊಟ್ಟೆ ಎಂದರೆ ಹಬ್ಬ. "ನೀನು ವಾಪಸ್ ಬರದಿದ್ದರೆ ನಿನ್ನ ಮೊಟ್ಟೆ ನನಗೆ" ಎಂದು ತಮಾಷೆ ಮಾಡುತ್ತಿದ್ದರಂತೆ. ಬರದಿದ್ದರೆ, ಮುಂದಿನ ಹುಡುಗರು ಬಂದು ಕಾಣುವ ಮೊದಲೇ ಅವನ ಬಟ್ಟೆಬರೆ, ಕಾಗದ ಪತ್ರ ಕಟ್ಟಿ ಒಯ್ಯಲಾಗುತ್ತಿತ್ತು, ಮಂಚ ಖಾಲಿ.

1944ರ ಮಾರ್ಚ್ 30ರ ರಾತ್ರಿ ಜರ್ಮನಿಯ ನ್ಯೂರೆಂಬರ್ಗಿಗೆ 795 ವಿಮಾನ ಹೊರಟವು, 95 ತಿರುಗಿ ಬರಲಿಲ್ಲ. ಅಪ್ಪ ಬಾಯಲ್ಲೇ ಏಳರಿಂದ ಗುಣಿಸಿದರು. ಎಲ್ಲರೂ ಸಾಯಲಿಲ್ಲ, ಕೆಲವರು ಸೆರೆ ಸಿಕ್ಕರು ಅಂದೆ. ಆದರೂ ಒಂದೇ ರಾತ್ರಿ 500ಕ್ಕೂ ಹೆಚ್ಚು ಹುಡುಗರು.

ನಮ್ಮೂರ ಹೊಲದ ಬದುವಿನಲ್ಲೂ ಒಂದು ಕಲ್ಲಿದೆ. ಮೂರು ಅಂಕಣದ ವೀರಗಲ್ಲು. ಕೆಳಗೆ ಬಿಲ್ಲು ಹಿಡಿದವನ ಕಾಳಗ, ನಡುವೆ ಅಪ್ಸರೆಯರು ತೋಳು ಹಿಡಿದು ಮೇಲೊಯ್ಯುವುದು, ತುದಿಯಲ್ಲಿ ಲಿಂಗದ ಮುಂದೆ ಕೂತದ್ದು. ಅವನ ಹೆಸರು ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ, ಕಲ್ಲಿನಲ್ಲಿ ಅಕ್ಷರವೂ ಇಲ್ಲ. ಆದರೂ ಹಬ್ಬಕ್ಕೆ ಹೆಂಗಸರು ಅರಿಸಿನ ಕುಂಕುಮ ಇಡುತ್ತಾರೆ. ಉಳಿದ ದಿನ ಎಮ್ಮೆ ಮೈ ಉಜ್ಜಿಕೊಳ್ಳುತ್ತದೆ. ಇಲ್ಲಿಯ ಗೋಡೆಯಲ್ಲಿ ಹೆಸರಿದೆ, ಚಿತ್ರವಿಲ್ಲ. ನಮ್ಮ ಕಲ್ಲಿನಲ್ಲಿ ಚಿತ್ರವಿದೆ, ಹೆಸರಿಲ್ಲ. ಇವರೂ ಆ ಕೊರತೆ ತುಂಬಿಕೊಂಡಿದ್ದಾರೆನ್ನಿ: ಈ ಗುಡ್ಡದ ಮೇಲಿರುವ ಬಾಂಬರ್ ಕಮಾಂಡ್ ಕೇಂದ್ರದ ದಾಖಲೆಯಲ್ಲಿ ಹೆಸರು ಹುಡುಕಿದರೆ ಅವನು ಯಾವ ವಿಮಾನದಲ್ಲಿದ್ದ, ಯಾವ ರಾತ್ರಿ ಹೋದ, ಸಿಕ್ಕಿದ್ದರೆ ಒಂದು ಫೋಟೋ. ನಾವು ನಮ್ಮ ಕೊರತೆ ತುಂಬಿಕೊಂಡೆವೇ? ನಮ್ಮ ಕಡೆ ಯೋಧನ ಪಾರ್ಥಿವ ಶರೀರ ಬಂದ ದಿನ ಇಡೀ ತಾಲ್ಲೂಕು ರಸ್ತೆಗಿಳಿಯುತ್ತದೆ, ಆ ಕಣ್ಣೀರು ಸುಳ್ಳಲ್ಲ. ಆದರೆ ಫ್ಲೆಕ್ಸಿನಲ್ಲಿ ಅವನ ಮುಖಕ್ಕಿಂತ ಶಾಸಕರ ಮುಖ ದೊಡ್ಡದು. ವರ್ಷ ಕಳೆಯುವುದರೊಳಗೆ ಅದೇ ಫ್ಲೆಕ್ಸು ಟೊಮೆಟೊ ಗಾಡಿಗೆ ನೆರಳು.

ಹಾಗಂತ ಇವರದೆಲ್ಲ ಚೊಕ್ಕಟವೂ ಅಲ್ಲ. ನವೆಂಬರ್ ಬಂದರೆ ನನ್ನ ಕೋಟಿಗೆ ಮೊದಲು ಹಳದಿ ಕೆಂಪು ಬಾವುಟದ ಪಿನ್ನು, ಹನ್ನೊಂದನೇ ತಾರೀಖಿನ ಹೊತ್ತಿಗೆ ಪಾಪಿ ಹೂವು. ಪಿನ್ನು ಮರೆತರೆ ಕೇಳುವವರಿಲ್ಲ, ಪಾಪಿ ಮರೆತರೆ ಕೆಂಗಣ್ಣು ಬೀಳುತ್ತದೆ. ಇನ್ನು ಈ ಬಾಂಬರ್ ಹುಡುಗರನ್ನಂತೂ ಇವರೇ ಎಷ್ಟೋ ವರ್ಷ ಮೂಲೆಗೆ ತಳ್ಳಿದ್ದರು. ಗೆದ್ದ ಮೇಲೆ ಅವರಿಗೆಂದೇ ಪದಕ ಹೊಡೆಸಲಿಲ್ಲ. ಪದಕದ ಪಟ್ಟಿಗೆ ಸಿಕ್ಕಿಸುವ ಸಣ್ಣ ಲೋಹದ ತುಂಡು ಬಂದದ್ದು 2013ರಲ್ಲಿ. ಲಂಡನ್ನಿನ ಗ್ರೀನ್ ಪಾರ್ಕಿನ ಸ್ಮಾರಕಕ್ಕೆ 2012ರವರೆಗೆ ಕಾಯಬೇಕಾಯಿತು. ಕಾರಣ ಎಲ್ಲರಿಗೂ ಗೊತ್ತು, ಹೇಳಲು ಬಾಯಿ ಬರುವುದಿಲ್ಲ. 1943ರ ಜುಲೈನಲ್ಲಿ ಇವರ ಬಾಂಬಿಗೆ ಜರ್ಮನಿಯ ಹ್ಯಾಂಬರ್ಗ್ ಹೊತ್ತಿ ಉರಿದಾಗ ಸತ್ತವರು 35,000ಕ್ಕೆ ಕಡಿಮೆಯಿಲ್ಲ ಎನ್ನುತ್ತಾರೆ. 1945ರ ಫೆಬ್ರವರಿಯಲ್ಲಿ ಡ್ರೆಸ್ಡನ್, ಅಲ್ಲಿ ಸುಮಾರು 25,000. ಹೆಂಗಸರು, ಮಕ್ಕಳು, ಮುದುಕರು.

ಇಲ್ಲಿ ನಮ್ಮ ವೀರಗಲ್ಲು ಕೈ ಕೊಡುತ್ತದೆ. ತುರು ಬಿಡಿಸಲು ಹೋಗಿ ಸತ್ತವನಿಗೆ, ಊರು ಕಾಯುತ್ತ ಸತ್ತವನಿಗೆ ಸ್ವರ್ಗ ಸರಿ. ಬೇರೆಯವರ ಊರಿಗೆ ಬೆಂಕಿ ಇಟ್ಟು ಬರುವಾಗ ಸತ್ತ ಇಪ್ಪತ್ತರ ಹುಡುಗನನ್ನು ಯಾವ ಅಂಕಣದಲ್ಲಿ ಕೂರಿಸುವುದು? ಮೂರು ಅಂಕಣದಲ್ಲಿ ಎಲ್ಲೂ ಅನುಮಾನಕ್ಕೆ ಜಾಗವಿಲ್ಲ. ಗ್ರೀನ್ ಪಾರ್ಕಿನಲ್ಲಿ ಏಳು ಕಂಚಿನ ಹುಡುಗರು ನಿಂತಿದ್ದಾರೆ, ಗೆದ್ದ ಮುಖವಲ್ಲ, ದಣಿದ ಮುಖ. 1939ರಿಂದ 1945ರವರೆಗಿನ ಬಾಂಬ್ ದಾಳಿಯಲ್ಲಿ ಪ್ರಾಣ ಕಳೆದುಕೊಂಡ ಎಲ್ಲ ದೇಶದವರನ್ನೂ ಈ ಸ್ಮಾರಕ ನೆನೆಯುತ್ತದೆ ಎಂಬ ಸಾಲು ಅಲ್ಲಿದೆ. ಆ ಸಾಲು ನನಗೆ ಇಷ್ಟ. ಆದರೆ ದಾಳಿಯ ಹುಕುಂ ಕೊಟ್ಟ ಆರ್ಥರ್ ಹ್ಯಾರಿಸ್‌ಗೆ 1992ರಲ್ಲಿ ಪ್ರತ್ಯೇಕವಾಗಿ ಪ್ರತಿಮೆ ನಿಲ್ಲಿಸಿದ್ದು ಸರಿಯಲ್ಲ ಅಂತಲೇ ನನ್ನ ಅನಿಸಿಕೆ. ಹೋಗಿ ಸತ್ತವರ ಪಂಕ್ತಿಯೇ ಬೇರೆ, ಕಳಿಸಿದವರ ಪಂಕ್ತಿಯೇ ಬೇರೆ. ಹೋಗಿ ಹೋಗಿ ನರ ಸೋತು "ಇನ್ನು ಆಗುವುದಿಲ್ಲ" ಅಂದವನ ಕಾಗದಕ್ಕೆ ಎದೆಗಾರಿಕೆ ಇಲ್ಲದವನು ಎಂದು ಗುರುತು ಹಾಕಿ ಮರ್ಯಾದೆ ತೆಗೆದ ಪದ್ಧತಿಯೂ ಇದೇ ಕಮಾಂಡಿನದು. ಅಂಥವರಿಗೆ ಗೋಡೆಯಿಲ್ಲ.

ಕಲ್ಲಿನ ಮಾತು ಬಂದದ್ದರಿಂದ ಒಂದು ಅಡ್ಡಮಾತು. ಲಿಂಕನ್ನಿಗೆ ಹತ್ತಿರವೇ ಸ್ಕ್ಯಾಂಪ್ಟನ್ ಎಂಬ ವಾಯುನೆಲೆ ಇತ್ತು. 1943ರ ಮೇ 16ರಂದು ಜರ್ಮನಿಯ ಅಣೆಕಟ್ಟು ಒಡೆಯಲು 19 ಲ್ಯಾಂಕಾಸ್ಟರ್ ಹೊರಟದ್ದು ಅಲ್ಲಿಂದ. 133 ಜನರಲ್ಲಿ 53 ಜನ ಸತ್ತರು. ಅವರ ನಾಯಕ ಗೈ ಗಿಬ್ಸನ್‌ಗೆ ಆಗ ಇಪ್ಪತ್ನಾಲ್ಕು. ಅವನ ನಾಯಿಯ ಸಮಾಧಿಯೂ ಅಲ್ಲಿತ್ತು, ಆದರೆ ಆ ನಾಯಿಗಿಟ್ಟ ಹೆಸರು ಕರಿಯರನ್ನು ಹೀಯಾಳಿಸುವ ಬೈಗುಳ. 2020ರಲ್ಲಿ ಹೆಸರಿದ್ದ ಕಲ್ಲನ್ನು ತೆಗೆದು ಹೆಸರಿಲ್ಲದ ಕಲ್ಲು ಇಟ್ಟರು. ನಮ್ಮ ಮದ್ದೂರು ಸೀಮೆಯ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಮಣಲೇರ ಎಂಬ ವೀರ ಕಲ್ಲು ನಿಲ್ಲಿಸಿದ. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಗೊರವ ಉಂಡರೆ ಅವನಿಗೆ ಪಾಪ ಎಂದೂ ಬರೆಸಿದ. ಕಾಳಿಯ ಹೆಸರನ್ನು ಈಗಲೂ ಗಟ್ಟಿಯಾಗಿ ಓದಬಹುದು. ಕಲ್ಲು ಮಾತ್ರ ಬೆಂಗಳೂರಿನ ಮ್ಯೂಸಿಯಂ ಸೇರಿದೆ, ಪೂಜೆ ನಿಂತಿದೆ, ಎಲ್ಲರೂ ಉಣ್ಣುತ್ತಲೇ ಇದ್ದೇವೆ.

ಬಾಂಬರ್ ವಿಮಾನಕ್ಕೂ ನಮಗೂ ನಂಟೇ ಇಲ್ಲವೆಂದಲ್ಲ. ಯುದ್ಧ ಮುಗಿದು ಕಾನ್ಪುರದಲ್ಲಿ ಬಿದ್ದಿದ್ದ ಲಿಬರೇಟರ್ ಬಾಂಬರುಗಳನ್ನು ಬೆಂಗಳೂರಿಗೆ ಹಾರಿಸಿ ತಂದು ರಿಪೇರಿ ಮಾಡಿದ್ದು ನಮ್ಮ ಎಚ್‌ಎಎಲ್‌ನವರು. ಅವು ಭಾರತೀಯ ವಾಯುಪಡೆಯಲ್ಲಿ 1968ರವರೆಗೆ ಹಾರಿದವು. ಅವುಗಳಲ್ಲಿ ಒಂದು ಇವತ್ತು ಇಲ್ಲಿಯ ವಾಯುಪಡೆಯ ಆರ್‌ಎಎಫ್ ಮ್ಯೂಸಿಯಮ್ಮಿನಲ್ಲಿದೆ. ಇದನ್ನು ಹೇಳಿದಾಗ ಅಪ್ಪನ ಮುಖ ಸ್ವಲ್ಪ ಅರಳಿತು.

ಗುಡ್ಡದ ಮೇಲಿನ ಕೆಫೆಯಲ್ಲಿ ಟೀ ಕುಡಿಯುವಾಗ ಪಕ್ಕದ ಮೇಜಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಎಂಬತ್ತೇಳು ವರ್ಷ. ಅಪ್ಪನ ಮಂಕಿಟೋಪಿ ನೋಡಿ ನಕ್ಕು ಅವರೇ ಮಾತಿಗೆಳೆದರು. ಅಣ್ಣನ ಹೆಸರು ನೋಡಲು ಬಂದಿದ್ದರು. ಬಾಲದ ಗನ್ನರ್, 1944, ಇಪ್ಪತ್ತು ವರ್ಷ, ಮೈ ಸಿಗಲಿಲ್ಲ. ವರ್ಷಕ್ಕೊಮ್ಮೆ ಬಂದು ಹೆಸರು ಮುಟ್ಟಿ ಹೋಗುತ್ತಾರಂತೆ. ಅಪ್ಪ ನನ್ನ ಮೊಣಕೈ ಜಗ್ಗಿದರು. "ಅವನಿಗೆ ತಿನ್ನಾಕೆ ಏನು ಇಷ್ಟ ಇತ್ತು, ಕೇಳ್ಲಾ."

ಎಡೆಗೆ ಏನಿಡಬೇಕೆಂಬ ಲೆಕ್ಕ ಅದು, ನನಗೆ ಗೊತ್ತು. ಸಂಕೋಚಪಟ್ಟುಕೊಂಡೇ ಕೇಳಿದೆ. ಅಜ್ಜಿ ಲೋಟ ಕೆಳಗಿಟ್ಟು ಬಹಳ ಹೊತ್ತು ಕಿಟಕಿಯಾಚೆ ನೋಡಿದರು.

"ಆಗ ನನಗೆ ಏಳು ವರ್ಷ" ಅಂದರು. "ಹಾರುವಾಗ ಅವರಿಗೆ ಚಾಕೊಲೇಟ್ ಕೊಡ್ತಿದ್ದರು. ತಿನ್ನದೆ ನನಗೆ ತಂದುಕೊಡ್ತಿದ್ದ. ಅವನಿಗೆ ಏನು ಇಷ್ಟವಿತ್ತು ಅಂತ ನಾನು ನೋಡಲೇ ಇಲ್ಲ."