ಮಕ್ಕಳಿಂದ ಕಂಪ್ಯೂಟರ್ ಕಾಪಾಡುವ ಬಗೆ

ಮಲೆನಾಡಿನ ಶಾಲೆಗೆ ಕಂಪ್ಯೂಟರ್ ಬಂದರೆ ಮೊದಲು ಬೇಕಾದ್ದು ಬೀಗ. ಆಮೇಲೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹೊದಿಕೆ. ಚಪ್ಪಲಿ ಹೊರಗೆ, ಮಕ್ಕಳೂ ಹೊರಗೆ. ಕೀಲಿ ಹೆಡ್ ಮೇಷ್ಟ್ರ ಜೇಬಿನಲ್ಲಿ, ಹೆಡ್ ಮೇಷ್ಟ್ರು ಮೀಟಿಂಗಿನಲ್ಲಿ.

ತೀರ್ಥಹಳ್ಳಿ, ಹೊಸನಗರದ ಜುಲೈ ತಿಂಗಳಿಗೆ ಮಾತ್ರ ಒಳಗೆ ಬರಲು ಕೀಲಿ ಬೇಡ. ಗೋಡೆಯೇ ಬೆವರುವಾಗ ಆ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ. ರ‍್ಯಾಮ್‌ನ (ಕಂಪ್ಯೂಟರಿನ ನೆನಪಿನ ಪಟ್ಟಿಯ) ಲೋಹದ ಹಲ್ಲುಗಳು ಮಂಕಾಗಿ, ಆನ್ ಮಾಡಿದರೆ ಪರದೆ ಕಪ್ಪು, ಬರೀ ಬೀಪ್ ಸದ್ದು. ಚಾರ್ಜ್ ಕಾಣದೆ ಕೂತ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿಗೆ ಸಲ್ಫೇಟ್ ಹರಳು ಕಟ್ಟಿ ಬಲ ಕುಂದುತ್ತದೆ. ಸಿಆರ್2032 ಬಿಲ್ಲೆ ಸೆಲ್ ಸತ್ತರೆ ಗಡಿಯಾರ ಎಷ್ಟೋ ವರ್ಷ ಹಿಂದೆ ಓಡುತ್ತದೆ. ಹಳೆಯ ದಿನಗಳ ಹಂಬಲ ಯಂತ್ರಕ್ಕೂ ಇದ್ದೀತು.

ಮದ್ದು ದುಬಾರಿಯದಲ್ಲ. ರ‍್ಯಾಮ್ ಕಿತ್ತು, ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಕ್ಲಿಕ್ ಅನ್ನುವವರೆಗೆ ಒತ್ತಿ ಕೂರಿಸಬೇಕು. ಮಳೆಗಾಲದಲ್ಲಿ ವಾರಕ್ಕೆ ಒಂದೆರಡು ಸಲ ತಾಸುಗಟ್ಟಲೆ ಓಡಿಸಿದರೆ ತನ್ನದೇ ಕಾವಿಗೆ ಒಳಗು ಆರುತ್ತದೆ. ಗುಡುಗು ಶುರುವಾದರೆ ಪ್ಲಗ್ ಕೀಳಬೇಕು, ಸ್ವಿಚ್ ಆರಿಸಿದರೆ ಸಾಲದು. ಒಟ್ಟಿನಲ್ಲಿ, ಮಕ್ಕಳು ಆಡಿದರೆ ಯಂತ್ರ ಬದುಕುತ್ತದೆ. ಆದರೆ ಇಂಥ ಅಪಾಯಕಾರಿ ವಿಚಾರ ಸುತ್ತೋಲೆಗೆ ಬರುವುದುಂಟೆ?

ಆಡಲು ಏನಿತ್ತು ಅಂತೀರಾ? 1967ರಲ್ಲಿ ಹುಟ್ಟಿದ, ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಲೋಗೋ ಭಾಷೆಯ ಆಮೆ; ಹೇಳಿದಂತೆ ಪರದೆಯ ಮೇಲೆ ಗೆರೆ ಎಳೆಯುತ್ತಾ ನಡೆಯುವಂಥದ್ದು. 'ರಿಪೀಟ್ 4 [ಎಫ್‌ಡಿ 100 ಆರ್‌ಟಿ 90]' ಅಂದರೆ 100 ಹೆಜ್ಜೆ ನಡೆದು 90 ಡಿಗ್ರಿ ಬಲಕ್ಕೆ ತಿರುಗುವುದು ನಾಲ್ಕು ಸಲ, ಚೌಕ ಸಿದ್ಧ. ತ್ರಿಕೋನಕ್ಕೆ 3 ಸಲ 60 ಡಿಗ್ರಿ ತಿರುಗಿಸಿದ ಹುಡುಗನಿಗೆ ಸಿಗುವುದು ಬಾಯಿ ತೆರೆದ ಅರ್ಧ ಷಟ್ಕೋನ. ಆಮೆ ತಿರುಗುವುದು ಹೊರಕೋನ, ಅಂದರೆ 120 ಎಂಬುದು ಬೈಗುಳವಿಲ್ಲದೆ ತಲೆಗೆ ಹೋಗುತ್ತಿತ್ತು. ಲೆಕ್ಕದ ಆಟವಾದ ಟಕ್ಸ್ ಮ್ಯಾತ್‌ನಲ್ಲಿ 7×8 ಹೊತ್ತ ಧೂಮಕೇತು ಬೀಳುವ ಮೊದಲು 56 ಒತ್ತಿ ಎಂಟರ್ ಕೊಡಬೇಕು. ತಡವಾದರೆ ಪೆಂಗ್ವಿನ್ ಮನೆಗೆ ಪೆಟ್ಟು. ಇಂಟರ್ನೆಟ್ ಬೇಡ, ಹಳೇ ಪೆಂಟಿಯಂ ಕಂಪ್ಯೂಟರೇ ಸಾಕು.

ಈಗ ಆ ಆಮೆಗಾಗಿ ವಾಟ್ಸಾಪಿನಲ್ಲಿ ಕಣ್ಣೀರಿಡುವ ಹಳೇ ವಿದ್ಯಾರ್ಥಿಗಳು ಶಾಲೆಗೆ ಗೋಡೆಯಷ್ಟು ದೊಡ್ಡ ಪರದೆ ಕೊಡುತ್ತಾರೆ. ದಾನಿಗಳ ಹೆಸರಿನ ಫಲಕ ಅದಕ್ಕಿಂತ ದೊಡ್ಡದು. ಅದರ ಆ್ಯಪ್‌ಗೆ ಲಾಗಿನ್ ಬೇಕು, ಲಾಗಿನ್‌ಗೆ ಓಟಿಪಿ. ಓಟಿಪಿ ಬರುವುದು ಮೇಷ್ಟ್ರ ಫೋನಿಗೆ, ಫೋನಿಗೆ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ. ಮೇಷ್ಟ್ರು ಇಳಿದು ಬರುವಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿರುತ್ತದೆ, ಕರೆಂಟೂ ಹೋಗಿರುತ್ತದೆ. ಎರಡಕ್ಕೆ ಎರಡು ಕೂಡಿದರೆ ಎಷ್ಟೆಂಬುದು ನಾಳೆಗೆ.

ಇನ್ನು ಹಳೇ ಕಂಪ್ಯೂಟರುಗಳು. ರಿಪೇರಿಗೆ ಕೊಡೋಣವೆಂದರೆ ಅನುದಾನವಿಲ್ಲ, ಗುಜರಿಗೆ ಹಾಕೋಣವೆಂದರೆ ನಿಯಮ ಬಿಡದು: ದಾಸ್ತಾನು ಪುಸ್ತಕದಲ್ಲಿ ಅವೆಲ್ಲ 'ಸುಸ್ಥಿತಿಯಲ್ಲಿವೆ'.