‘ಶುದ್ಧ’ ಅಂದರೆ ಏನಂತ ಆ ಅಜ್ಜಿಗೆ ಯಾರೂ ಹೇಳಿರಲಿಲ್ಲ

ಹೋದ ವಾರ ಒಬ್ಬರು ಅಜ್ಜಿ ನಮ್ಮ ಆಫೀಸಿಗೆ ಬಂದಿದ್ದರು. ತಾಲ್ಲೂಕು ಕೇಂದ್ರದ ವಕೀಲರೊಬ್ಬರ ಹತ್ತಿರ 18 ವರ್ಷದಿಂದ ಪತ್ರ ಟೈಪ್ ಮಾಡುವವನು ನಾನು. ಸಾಹೇಬರು ಕೋರ್ಟಿಗೆ ಹೋಗಿದ್ದರು. ಅಜ್ಜಿ ಪ್ಲಾಸ್ಟಿಕ್ ಕವರಿನಿಂದ ಮಡಿಕೆಯಲ್ಲೇ ಹರಿದುಹೋಗಿದ್ದ ಛಾಪಾ ಕಾಗದ ತೆಗೆದು ನನ್ನ ಮುಂದಿಟ್ಟರು.

“ನಾವು ಶುದ್ಧವಾಗೇ ಬರ್ಕೊಟ್ಟಿದ್ದೀವಿ ಕಣಪ್ಪ, ನಮ್ದೇನೂ ಮೋಸ ಇಲ್ಲ. ನಮ್ ಯಜಮಾನ್ರು ಮಗಳ ಮದ್ವೆಗೆ ಅಂತ ದುಡ್ಡು ಈಸ್ಕೊಂಡಿದ್ರು. ಈಗ ಅಸಲು ತಂದ್ಕೊಡ್ತೀವಿ ಅಂದ್ರೆ ಜಮೀನು ಬಿಡಾಕಿಲ್ಲ ಅಂತಾರಲ್ಲ!”

ಕಾಗದದ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಇತ್ತು: ಶುದ್ಧ ಕ್ರಯಪತ್ರ.

ಪತ್ರದ ಭಾಷೆಯಲ್ಲಿ ‘ಶುದ್ಧ’ ಅಂದರೆ ಷರತ್ತಿಲ್ಲದ್ದು, ಪೂರಾ ಮಾರಾಟ, ಹಿಂದಕ್ಕೆ ಬರುವ ದಾರಿ ಇಲ್ಲದ್ದು. ಅಜ್ಜಿಯ ಭಾಷೆಯಲ್ಲಿ ‘ಶುದ್ಧ’ ಅಂದರೆ ಕಪಟ ಇಲ್ಲದ್ದು. ಈ ಎರಡು ಅರ್ಥಗಳ ನಡುವೆ ಅವರ ಒಂದು ಎಕರೆ ಹತ್ತು ಗುಂಟೆ ಹೋಗಿದೆ. ಸಾಲ ತೀರಿಸಿದ ಮೇಲೆ ವಾಪಸ್ ಬರೆದುಕೊಡುತ್ತೇವೆ ಅಂತ ಹಣ ಕೊಟ್ಟವರು ಬಾಯಲ್ಲಿ ಹೇಳಿದ್ದರಂತೆ. ಆದರೆ ವಾಪಸ್ ಕೊಡುವ ಷರತ್ತು ಅದೇ ಪತ್ರದಲ್ಲಿ ಇದ್ದರೆ ಮಾತ್ರ ಅಂಥ ಮಾರಾಟವನ್ನು ಅಡಮಾನ ಅಂತ ನೋಡಬಹುದು ಎಂದು 1929ರ ತಿದ್ದುಪಡಿಯಿಂದ ಸ್ವತ್ತು ಹಸ್ತಾಂತರ ಕಾಯ್ದೆಯಲ್ಲೇ ಇದೆ. ಬಾಯಿಮಾತನ್ನು ಹಿಡಿದುಕೊಂಡು ಕೋರ್ಟು ಹತ್ತುವುದು ಎಷ್ಟು ಕಷ್ಟ ಅಂತ ನಾನು ದಿನಾ ನೋಡುತ್ತೇನೆ.

ಅಜ್ಜಿಯ ಮನೆಯವರು ನಿಜವಾಗಿ ಬರೆದುಕೊಡಬೇಕು ಅಂದುಕೊಂಡಿದ್ದಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರೇ ಇದೆ: ಭೋಗ್ಯ. ಹಣ ಕೊಟ್ಟವನು ಜಮೀನಿನ ಫಲ ಉಣ್ಣುತ್ತಾನೆ, ಆ ಫಲವೇ ಅವನಿಗೆ ಬಡ್ಡಿ. ಅಸಲು ಕೊಟ್ಟ ದಿನ ಜಮೀನು ಒಡೆಯನ ಕೈಗೆ ವಾಪಸ್. ಈ ಮಾತು ನಿನ್ನೆ ಮೊನ್ನೆಯದಲ್ಲ. ಹಳೇ ಧರ್ಮಶಾಸ್ತ್ರವಾದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಅಡಮಾನಕ್ಕೆ ‘ಆಧಿ’ ಅಂತ ಹೆಸರು. ಜೋಪಾನವಾಗಿ ಇಟ್ಟುಕೊಳ್ಳಬೇಕಾದದ್ದು ಗೋಪ್ಯಾಧಿ, ಬಳಸಿ ಅನುಭವಿಸಬಹುದಾದದ್ದು ಭೋಗ್ಯಾಧಿ. ಆ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ನಮ್ಮ ಕಲ್ಯಾಣದಲ್ಲಿ, ಈಗಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲಕ್ಕೆ. ಗಡುವಿನೊಳಗೆ ಬಿಡಿಸಿಕೊಳ್ಳದ ಅಡವು ಕೈತಪ್ಪಿ ಹೋಗುತ್ತದೆ ಅಂತ ಹೇಳುವ ಆ ಸ್ಮೃತಿಯ ಶ್ಲೋಕವೇ ಕೊನೆಯಲ್ಲಿ “ಫಲಭೋಗ್ಯೋ ನ ನಶ್ಯತಿ” ಅನ್ನುತ್ತದೆ. ಫಲ ಉಣ್ಣಲು ಕೊಟ್ಟ ಅಡವು ಎಂದೂ ಕೈತಪ್ಪುವುದಿಲ್ಲ! 2014ರಲ್ಲಿ ಸುಪ್ರೀಂ ಕೋರ್ಟು ಭೋಗ್ಯದಂಥ ಸ್ವಾಧೀನ ಅಡಮಾನದ ಬಗ್ಗೆ ಹೇಳಿದ್ದೂ ಇದಕ್ಕೆ ಬಹಳ ಹತ್ತಿರ: ಬರೀ ಇಂತಿಷ್ಟು ವರ್ಷ ಕಳೆಯಿತು ಅನ್ನುವ ಒಂದೇ ಕಾರಣಕ್ಕೆ ಬಿಡಿಸಿಕೊಳ್ಳುವ ಹಕ್ಕು ಸಾಯುವುದಿಲ್ಲ. ಇಷ್ಟು ಗಟ್ಟಿ ಪದ ಮನೆಯಲ್ಲೇ ಇರುವಾಗ ಆ ಯಜಮಾನರ ಕೈಯಲ್ಲಿ ‘ಶುದ್ಧ’ಕ್ಕೆ ಹೆಬ್ಬೆಟ್ಟು ಒತ್ತಿಸಿದ್ದಾರೆ. ನನಗೆ ಆವತ್ತು ರಾತ್ರಿ ಊಟ ಸೇರಲಿಲ್ಲ.

ಇಂಥದ್ದನ್ನು ಹೇಳಿದಾಗೆಲ್ಲ ಓದಿಕೊಂಡ ಸ್ನೇಹಿತರು ಕೊಡುವ ಉತ್ತರ ಒಂದೇ: “ಆ ಹಳೇ ಪದಗಳನ್ನೆಲ್ಲ ಕಿತ್ತುಹಾಕಿ, ತಿಳಿಗನ್ನಡದಲ್ಲಿ ಬರೀರಿ.” ನಾನು ಒಪ್ಪುವುದಿಲ್ಲ. ಬೆಂಗಳೂರಲ್ಲಿ ‘ಭೋಗ್ಯಕ್ಕೆ ಮನೆ’ ಹೋಗಿ ‘ಲೀಸಿಗೆ ಮನೆ’ ಬಂತು. ಹತ್ತಿಪ್ಪತ್ತು ಲಕ್ಷ ಕೊಟ್ಟು ಬಾಡಿಗೆಯಿಲ್ಲದೆ ಇರುವ ವ್ಯವಸ್ಥೆ ಅದೇ. ಆದರೆ ಪದ ಬದಲಾದ ಹಾಗೆ ತಿಳಿವಳಿಕೆಯೂ ಜಾರಿತು. ಭೋಗ್ಯ ಅಂದಾಗ ಮನೆ ನಿಮ್ಮ ಹಣಕ್ಕೆ ಆಧಾರ, ಅದನ್ನು ನೋಂದಣಿ ಮಾಡಿಸಬೇಕು, ಆಸ್ತಿಯ ಮೇಲಿನ ಸಾಲ ತೋರಿಸುವ ಋಣಭಾರ ಪತ್ರದಲ್ಲಿ ಕಾಣಬೇಕು ಅನ್ನುವ ಎಚ್ಚರ ಆ ಪದದ ಜೊತೆಗೇ ಬರುತ್ತಿತ್ತು. ಈಗ ಛಾಪಾ ಕಾಗದದ ಮೇಲೆ ನೋಂದಣಿಯಿಲ್ಲದ ಒಂದು ಕರಾರು ಬರೆಸಿಕೊಂಡು ಒಳಗೆ ಹೋಗುತ್ತಾರೆ. ಮಾಲೀಕ ಸಾಲ ಕಟ್ಟದೆ ಬ್ಯಾಂಕಿನವರು ಬಾಗಿಲಿಗೆ ಬಂದ ದಿನ ಕೈಯಲ್ಲಿ ಏನೂ ಇರುವುದಿಲ್ಲ.

ಇನ್ನೊಂದು ಸಾಲಿನ ಮೇಲೆ ನನಗೆ ಬಹಳ ಪ್ರೀತಿ. ನಿಮ್ಮ ಮನೆಯ ಹಳೇ ಕ್ರಯಪತ್ರ ತೆಗೆದು ನೋಡಿ: “ನಿಧಿ, ನಿಕ್ಷೇಪ, ಜಲ, ತರು, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತ.” ವಿಜಯನಗರದ ಕಾಲದ ದಾನಶಾಸನಗಳಲ್ಲಿ ಇರುವ ಸಾಲು ಇದು. ಹೂತಿಟ್ಟ ಧನ ನಿಧಿ, ಇರಿಸಿದ ಒಡವೆ ವಸ್ತು ನಿಕ್ಷೇಪ. ನೀರು, ಕಲ್ಲು. ಕ್ಷೀಣಿಸದೆ ಬರುವ ಹುಟ್ಟುವಳಿ ಅಕ್ಷೀಣ, ಮುಂದೆ ಬರಲಿರುವುದು ಆಗಾಮಿ. ಈಗಾಗಲೇ ಸಾಗುವಳಿಗೆ ಬಂದದ್ದು ಸಿದ್ಧ, ಬೆವರು ಸುರಿಸಿದರೆ ಬರಬಹುದಾದದ್ದು ಸಾಧ್ಯ. ‘ತರು’ ನಡುವೆ ಸೇರಿಕೊಂಡು ಎಣಿಕೆ ಒಂಬತ್ತಾಗಿದೆ, ಹೆಸರು ಮಾತ್ರ ಅಷ್ಟಭೋಗವಾಗಿಯೇ ಉಳಿದಿದೆ. ಇವತ್ತಿನ ಕಾನೂನಿನಲ್ಲಿ ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು, ಅದು ಬೇರೆ ಮಾತು. ಆದರೆ ಭೂಮಿ ಕೊಳ್ಳುವವನು ಅದರ ನಾಳೆಯನ್ನೂ ಕೊಳ್ಳುತ್ತಾನೆ ಅನ್ನುವುದನ್ನು ‘ಆಗಾಮಿ’, ‘ಸಾಧ್ಯ’ ಅನ್ನುವ ಎರಡೇ ಪದದಲ್ಲಿ ಹೇಳಿದವರ ಬುದ್ಧಿ ದೊಡ್ಡದು.

ಇದರ ಆಸುಪಾಸಿನಲ್ಲೇ ‘ದಾನಾದಿ ವಿನಿಮಯ ವಿಕ್ರಯಗಳಿಗೆ ಯೋಗ್ಯರಾಗಿ’ ಅಂತ ಬರುತ್ತದೆ. ದಾನ ಮೊದಲಾದವು ಅಂತಲೇ ತಿಳಿದು ಎಷ್ಟೋ ವರ್ಷ ಟೈಪ್ ಮಾಡಿದೆ. ವಿಜಯನಗರದ ತಾಮ್ರಶಾಸನಗಳಲ್ಲಿ ಅದೇ ಜಾಗದಲ್ಲಿ ದಾನ, ಆಧಮನ, ವಿಕ್ರಯ ಎಂದು ಮೂರು ಬಿಡಿಬಿಡಿಯಾಗಿ ಇವೆ. ಆಧಮನ ಅಂದರೆ ಅಡವಿಡುವುದು, ಅದೇ ‘ಆಧಿ’. ಸಾಲಿನಲ್ಲಿ ಇರಬೇಕಾದ್ದು ದಾನ, ಆಧಿ, ವಿನಿಮಯ, ವಿಕ್ರಯ. ‘ದಾನಾಧಿ’ಯ ಒಂದು ಮಹಾಪ್ರಾಣ ಬಿದ್ದುಹೋಗಿ ‘ದಾನಾದಿ’ಯಾಗಿ, ಅಡವಿಡುವ ಹಕ್ಕೇ ಸಾಲಿನಿಂದ ಮಾಯವಾಗಿದೆ. ಅದು ತಿಳಿದ ದಿನದಿಂದ ನಾನು ‘ದಾನ, ಆಧಿ’ ಅಂತ ಬಿಡಿಸಿ ಟೈಪ್ ಮಾಡುತ್ತೇನೆ.

ಖರಾಬಿನ ಕಥೆಯೂ ಹೀಗೇ. ಜಮೀನಿನ ದಾಖಲೆಯಾದ ಪಹಣಿಯಲ್ಲಿ ಖರಾಬು ಅಂತ ಕಂಡರೆ ಜನ ನೆಲ ಕೆಟ್ಟಿದೆ ಅಂದುಕೊಳ್ಳುತ್ತಾರೆ. ‘ಅ’ ಖರಾಬು ಸಾಗುವಳಿಗೆ ಒಗ್ಗದ ಬಂಡೆ, ಕಣದಂಥ ಜಾಗ. ‘ಬ’ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕರ ಜಾಗ. ಆ ಒಂದಕ್ಷರ ನೋಡದೆ ದುಡ್ಡು ಸುರಿದವರು ಎಷ್ಟೋ ಮಂದಿ.

ನನಗೆ ಹೆಚ್ಚು ನೋವು ಕೊಡುವ ಪದ ‘ಖುಲಾಸೆ’. ಕ್ರಿಮಿನಲ್ ಕೇಸಿನಲ್ಲಿ ಖುಲಾಸೆ ಅಂದರೆ ಬಿಡುಗಡೆ, ಮನೆಯಲ್ಲಿ ಹಬ್ಬ. ಹಕ್ಕು ಖುಲಾಸೆ ಪತ್ರ ಅಂದರೆ ಹೆಣ್ಣುಮಗಳು ತವರಿನ ಆಸ್ತಿಯಲ್ಲಿ ತನ್ನ ಪಾಲನ್ನು ಬಿಟ್ಟುಕೊಟ್ಟಳು ಅಂತ. ನಮ್ಮ ರಾಜ್ಯ 1994ರಲ್ಲೇ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತು, 2005ರಲ್ಲಿ ದೇಶಕ್ಕೆಲ್ಲ ಬಂತು, ಆ ಹಕ್ಕು ಹುಟ್ಟಿನಿಂದಲೇ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆದರೂ ಅಕ್ಕತಂಗಿಯರನ್ನು ಬಾಡಿಗೆ ಕಾರಲ್ಲಿ ಕರೆತಂದು, “ಖಾತೆ ಮಾಡ್ಸಕ್ಕೆ ಒಂದ್ ಸೈನ್ ಬೇಕಂತೆ, ಹಾಕ್ಬುಡಿ” ಅನ್ನುತ್ತಾರೆ. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು, ಒಂದು ಸೀರೆ. ಮನಸಾರೆ ಬಿಟ್ಟುಕೊಡುವವರೂ ಇದ್ದಾರೆ, ಅವರಿಗೆ ನನ್ನ ನಮಸ್ಕಾರ. ಬಿಡುತ್ತಿರುವುದು ಏನು ಅಂತ ಗೊತ್ತಿದ್ದು ಬಿಡಬೇಕು, ಅಷ್ಟೇ ನಾನು ಕೇಳುವುದು.

ಎಲ್ಲ ಪತ್ರದ ಕೊನೆಯಲ್ಲೂ “ಓದಿಸಿ ಕೇಳಿ, ಅರ್ಥ ಮಾಡಿಕೊಂಡು, ಸ್ವಸಂತೋಷದಿಂದ ಬರೆಯಿಸಿಕೊಟ್ಟ” ಅಂತ ಇರುತ್ತದೆ. ನಾನೇ ಎಷ್ಟೋ ಸಾವಿರ ಸಲ ಟೈಪ್ ಮಾಡಿರಬೇಕು. ನೋಂದಣಿ ಕಚೇರಿಯಲ್ಲಿ ಕೇಳುವುದು ಬರೆದುಕೊಟ್ಟಿದ್ದು ನೀವೇನಾ, ಸಹಿ ನಿಮ್ಮದೇನಾ, ಹಣ ಬಂತಾ ಅಂತ. ಇನ್ನೊಂದು ಪ್ರಶ್ನೆ ಸೇರಲಿ: ಈ ಪತ್ರದಿಂದ ನಿಮಗೆ ಏನು ಬರುತ್ತದೆ, ಏನು ಹೋಗುತ್ತದೆ, ನಿಮ್ಮ ಬಾಯಲ್ಲೇ ಹೇಳಿ. ಎರಡು ನಿಮಿಷದ ಕೆಲಸ. ಅಲ್ಲಿಯವರೆಗೆ ಪತ್ರ ಟೈಪ್ ಮಾಡುವ ನಮ್ಮಂಥವರು ಪ್ರಿಂಟ್ ತೆಗೆಯುವ ಮುಂಚೆ ಮನೆಮಾತಿನಲ್ಲಿ ಒಮ್ಮೆ ಓದಿ ಹೇಳೋಣ.

ಸೋಮವಾರ ಹಾಗೆ ಓದಿ ಹೇಳಿದೆ, ಒಬ್ಬ ಅಕ್ಕನಿಗೆ. ಖುಲಾಸೆ ಪತ್ರ. ಅಣ್ಣಂದಿರು ಹೊರಗೆ ಟೀ ಕುಡಿಯುತ್ತಿದ್ದರು. ಆ ಅಕ್ಕ ಪೂರ್ತಿ ಕೇಳಿಸಿಕೊಂಡರು, ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. “ನಾಳೆ ಮಗಳನ್ನೂ ಕರ್ಕೊಂಡ್ ಬತ್ತೀನಿ. ಇನ್ನೊಂದ್ ಸಲ ಇದೇ ತರ ಓದಿ” ಅಂದರು.